ನಲವತ್ತು ಮಾರಿನ ಬಾವಿ

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯ ಅಂಗೈ ನೋಡುತ್ತಾರೆ. ಮುಖ, ಮೂಗು, ಬಣ್ಣ ಎಲ್ಲ ಆಮೇಲೆ. ಹುಡುಗನ ತಾಯಿ ಹುಡುಗಿಯನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಎರಡೂ ಕೈ ಬಿಡಿಸಿ, ಬೆರಳಿನ ಬುಡಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ಹಗ್ಗ ಎಳೆದು ಎದ್ದ ದಡ್ಡು ಗಟ್ಟಿಯಾಗಿ ಸಿಕ್ಕರೆ ಒಳಗಿನಿಂದ ಉಪ್ಪಿಟ್ಟು ಬರಬಹುದು. ಅಂಗೈ ಮೆತ್ತಗಿದ್ದರೆ ಬಂದವರಿಗೆ ಇದ್ದಕ್ಕಿದ್ದಂತೆ ಬೇರೆ ಏನೋ ಕೆಲಸ ನೆನಪಾಗುತ್ತದೆ.

ಇದಕ್ಕೆಲ್ಲ ಕಾರಣ ದೇವಾಲಯದ ಹಿಂದಿನ ಬಾವಿ. ಊರಿಗೆಲ್ಲ ಅದೊಂದೇ ಬಾವಿ. ನೀರು ನಲವತ್ತು ಮಾರು ಕೆಳಗಿದೆ. ಕೊಡ ಇಳಿದು, ತುಂಬಿ, ಮತ್ತೆ ಮೇಲೆ ಬರುವಷ್ಟರಲ್ಲಿ ಅರ್ಧ ಜಪಸರ ಮುಗಿಯುತ್ತದೆ. ಆದರೆ ಕೆಲವರಿಗೆ ಹಗ್ಗ ಬೇಕಾಗುವುದಿಲ್ಲ. ಅವರು ಬಂದು ಕಟ್ಟೆಯ ಹತ್ತಿರ ನಿಂತರೆ ಸಾಕು, ಒಳಗೆ ಗುಳುಗುಳು ಸದ್ದಾಗಿ ನೀರು ತಾನಾಗಿಯೇ ಕಟ್ಟೆಯ ಅಂಚಿನವರೆಗೆ ಏರುತ್ತದೆ. ಬಗ್ಗಿ ಕೊಡ ಅದ್ದಿಕೊಂಡು ಹೋಗುವುದಷ್ಟೇ ಕೆಲಸ. ಅವರು ಅತ್ತ ಹೋದರೆ ನೀರು ಇತ್ತ ಇಳಿಯುತ್ತದೆ.

ನನಗೆ ಬುದ್ಧಿ ಬಂದಾಗಿನಿಂದ ಅದು ಹೆಚ್ಚಾಗಿ ಏರುತ್ತಿದ್ದುದು ಕೋಳಿಕಳ್ಳ ಚೌರಪ್ಪನಿಗೆ. ಅವನು ಕೈಹಾಕದ ಕೋಳಿಗೂಡು ಊರಲ್ಲಿ ಇರಲಿಲ್ಲ. ಒಮ್ಮೆ ದೇವಾಲಯದ ಪಾದ್ರಿ ಸ್ವಾಮಿಗಳ ಬಂಗಲೆಯ ಹುಂಜವನ್ನೇ ಕದ್ದು, ಹಬ್ಬದ ದಿನ ಅದೇ ಸ್ವಾಮಿಗಳನ್ನು ಊಟಕ್ಕೆ ಕರೆದಿದ್ದ. ಅಂಥವನು ಬೇವಿನಕಡ್ಡಿ ಅಗಿಯುತ್ತಾ ಬಂದು ನಿಂತರೆ ನೀರು ಕಟ್ಟೆ ಮೀರಿ ಅವನ ಕಾಲ ಮೇಲೆ ಚೆಲ್ಲುತ್ತಿತ್ತು. ವರ್ಷವಿಡೀ ಒಂದು ಪೂಜೆಯನ್ನೂ ತಪ್ಪಿಸದ ಹೆಂಗಸರು ಆಗ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಅವನಿಗೆ ಏರಿದ ನೀರಿಗೆ ಕೊಡ ಅದ್ದಿದರೆ ಮಾನ ಉಳಿಯುತ್ತದೆಯೇ? ಅವನು ಮರೆಯಾಗಿ, ನೀರು ಪೂರ್ತಿ ತಳ ಸೇರಿದ ಮೇಲೆ, ಅವರು ಸೊಂಟ ಬಿಗಿದು ಹಗ್ಗ ಇಳಿಸುತ್ತಿದ್ದರು. ಮದುವೆಮನೆಗೆ ಇನ್ನೂರು ಕೊಡ ನೀರು ಬೇಕಾದಾಗ ಮಾತ್ರ ಚೌರಪ್ಪನಿಗೆ ಹೇಳಿ ಕಳುಹಿಸುತ್ತಿದ್ದರು. ಅವನು ಬಾವಿಕಟ್ಟೆಯ ಮೇಲೆ ಮದುಮಗನ ಠೀವಿಯಲ್ಲಿ ಕೂತು ಕೊಡಗಳನ್ನು ತುಂಬಿಕೊಡುತ್ತಿದ್ದ. ಊಟಕ್ಕೆ ಯಾರೂ ಕರೆಯುತ್ತಿರಲಿಲ್ಲ.

ಇದನ್ನು ನೋಡಿ ನೋಡಿ ಊರಿನವರು ಒಂದು ತೀರ್ಮಾನಕ್ಕೆ ಬಂದಿದ್ದರು: ಬಾವಿ ಏರುವುದು ದೊಡ್ಡ ಪಾಪಿಗಳಿಗೆ. ಒಮ್ಮೆ ನಾಲ್ಕು ವರ್ಷದ ಒಂದು ಹೆಣ್ಣುಮಗುವಿಗೆ ಏರಿತು. ತಂದೆ ತಾಯಿ ಅದನ್ನು ಮೊಣಕಾಲಲ್ಲಿ ನಿಲ್ಲಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ವಿಚಾರಿಸಿದರು. ಕೊನೆಗೆ ಅದು ಬೆಲ್ಲ ನೆಕ್ಕಿದ್ದನ್ನು ಒಪ್ಪಿಕೊಂಡಿತು. ಒಂದು ಬೀದಿನಾಯಿಗೂ ಏರಿತ್ತು. ಆ ನಾಯಿ ಏನು ಮಾಡಿರಬಹುದು ಎಂದು ಊರಿನ ಹಿರಿಯರು ವಾರಗಟ್ಟಲೆ ಚರ್ಚೆ ಮಾಡಿದರು. ಈಗಿನ ಸ್ವಾಮಿಗಳು ಊರಿಗೆ ಬಂದ ಮೊದಲ ದಿನವೇ ಮುಖ ತೊಳೆಯಲು ಹೋದಾಗ ನೀರು ಏರಿಬಿಟ್ಟಿತು. ಮರುದಿನ ಏಳು ಮಂದಿ ಬಸ್ಸು ಹತ್ತಿ ಬಿಷಪ್ಪರ ಹತ್ತಿರ ದೂರು ಒಯ್ದರು. ಬಿಷಪ್ಪರು ತಲೆಗೊಂದೊಂದು ಸಂತರ ಪಟ ಕೊಟ್ಟು ವಾಪಸ್ಸು ಕಳುಹಿಸಿದರು. ಸ್ವಾಮಿಗಳು ಆ ಭಾನುವಾರ ಪ್ರಸಂಗದಲ್ಲಿ, "ಇದೇ ವರಪ್ರಸಾದ ಕಣ್ರಪ್ಪ. ಯಾರೂ ದುಡಿದು ಪಡ್ಕೊಳ್ಳೋದಲ್ಲ, ಅವನಾಗಿ ಕೊಡೋದು" ಎಂದು ಒಂದು ಗಂಟೆ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಹೊರಗೆ ಬರುವಾಗ ಕೈಗೆ ಮುತ್ತಿಡುವ ನೆಪದಲ್ಲಿ ಅವರ ಅಂಗೈ ಮುಟ್ಟಿ ನೋಡಿ, "ಬೆಣ್ಣೆ, ಬೆಣ್ಣೆ" ಎಂದು ಪಿಸುಗುಟ್ಟಿಕೊಂಡರು.

ಊರಿನ ಹಗ್ಗದ ಅಂಗಡಿಯಲ್ಲಿ ಒಂದು ಮೊಳ, ಎರಡು ಮೊಳದ ತುಂಡುಹಗ್ಗಗಳು ಬಹಳ ಖರ್ಚಾಗುತ್ತವೆ. ಎರಡು ಮೊಳದ ಹಗ್ಗ ಯಾವ ಬಾವಿಗೆ ಎಟಕುತ್ತದೆ ಎಂದು ಯಾರೂ ಕೇಳುವುದಿಲ್ಲ. ಕದ ಹಾಕಿಕೊಂಡು ಅಂಗೈ ಉಜ್ಜಿಕೊಳ್ಳುವವರು ಯಾರ್‍ಯಾರು ಎನ್ನುವುದು ಅವರವರ ಮನೆಯ ವಿಷಯ.

ನಾನು ಈ ಊರಿನ ಉಪದೇಶಿ. ಹೆಸರು ರಾಯಪ್ಪ. ಮಕ್ಕಳಿಗೆ ಜಪ ಕಲಿಸುವುದು, ಗಂಟೆ ಹೊಡೆಯುವುದು, ಸ್ವಾಮಿಗಳು ಇಲ್ಲದಾಗ ಸತ್ತವರ ಮನೆಯಲ್ಲಿ ಪ್ರಾರ್ಥನೆ ಹೇಳುವುದು ನನ್ನ ಕೆಲಸ. "ವರಪ್ರಸಾದ ಎಂದರೇನು?" ಎಂದು ನಾನು ಕೇಳಿದರೆ ಮಕ್ಕಳು, "ನಾವು ಯೋಗ್ಯರಲ್ಲದಿದ್ದರೂ ದೇವರು ತನ್ನ ದಯೆಯಿಂದ ನಮಗೆ ಬಿಟ್ಟಿಯಾಗಿ ಕೊಡುವ ವರ" ಎಂದು ಒಂದೇ ಉಸಿರಿಗೆ ಹೇಳಬೇಕು. "ಬಿಟ್ಟಿಯಾಗಿ" ಎನ್ನುವುದನ್ನು ಮರೆತವರಿಗೆ ಬೆತ್ತದಲ್ಲಿ ಎರಡು ಏಟು. ನನ್ನ ಅಂಗೈಯ ದಡ್ಡು ಊರಿಗೇ ಪ್ರಸಿದ್ಧ. ಅದನ್ನು ನೋಡಲು ಪಕ್ಕದೂರುಗಳಿಂದ ಜನ ಬರುತ್ತಿದ್ದರು ಎಂದರೆ ಹೆಚ್ಚಾದೀತು, ಆದರೆ ಒಬ್ಬರು ಬಂದಿದ್ದರು.

ನಮ್ಮೂರಲ್ಲಿ ನೀರು ಸೇದುವುದು ಹೆಂಗಸರ ಕೆಲಸ. ಗಂಡಸರಲ್ಲಿ ಸೇದುತ್ತಿದ್ದವನು ನಾನೊಬ್ಬನೇ. ದಿನಕ್ಕೆ ಐದು ಕೊಡ, ಮೂವತ್ತೊಂದು ವರ್ಷ. "ಉಪದೇಶಪ್ಪನ್ನ ನೋಡಿ ಕಲೀರಿ, ಹೆಂಡ್ತಿ ಅಂಗೈ ಸವೀಬಾರ್ದು ಅಂತ ಅವರೇ ಸೇದ್ತಾರೆ" ಎಂದು ಹೆಂಗಸರು ತಮ್ಮ ಗಂಡಂದಿರನ್ನು ಚುಚ್ಚುತ್ತಿದ್ದರು. ಆ ಗಂಡಂದಿರು ನನ್ನನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ನಿಜವಾದ ಕಾರಣ ಯಾರಿಗೂ ಗೊತ್ತಿರಲಿಲ್ಲ. ಈಗ ಹೇಳಿಬಿಡುತ್ತೇನೆ.

ನನ್ನ ಮದುವೆಯ ಮಾರನೆಯ ದಿನ ಬೆಳಿಗ್ಗೆ, ಹೊಸ ಸೊಸೆ ಮೊದಲ ಕೊಡ ಸೇದುವ ಶಾಸ್ತ್ರ. ನನ್ನ ಹೆಂಡತಿ ಮದಲೆಮ್ಮ ಗುಡ್ಡದ ಆಚೆಯ ಊರಿನವಳು, ಅವಳಿಗೆ ನಮ್ಮ ಬಾವಿಯ ರಾಟೆ ಹೊಸದು. ಹೇಗೆ ಹಿಡಿಯಬೇಕು ಎಂದು ತೋರಿಸಲು ನಾನೂ ಜೊತೆಗೆ ಹೋದೆ. ಬಾವಿಯ ಹತ್ತಿರ ನಾವಿಬ್ಬರೇ. ಅವಳು ಕಟ್ಟೆಯ ಮೇಲೆ ಕೈಯಿಟ್ಟಳು, ನಾನು ಹಗ್ಗಕ್ಕೆ ಕೈಹಾಕಿದೆ. ಒಳಗೆ ಗುಳುಗುಳು ಎಂದಿತು. ನೋಡುತ್ತಿದ್ದಂತೆಯೇ ನೀರು ಏರಿ, ಕಟ್ಟೆ ಮೀರಿ, ಅವಳ ಹೊಸ ಸೀರೆಯ ಅಂಚು, ನನ್ನ ಹೊಸ ಪಂಚೆ ಎರಡನ್ನೂ ತೋಯಿಸಿತು. ನಾನು ಸುತ್ತ ನೋಡಿದೆ, ಯಾರೂ ಇರಲಿಲ್ಲ. ಅವಳ ಸೊಂಟದಿಂದ ಕೊಡ ಕಿತ್ತುಕೊಂಡು, ತುಂಬಿಸಿ, ಹೆಗಲ ಮೇಲಿಟ್ಟುಕೊಂಡು ಸರಸರನೆ ನಡೆದೆ. ದಾರಿಯಲ್ಲಿ, "ನಾಳೆಯಿಂದ ನೀನು ಬಾವಿ ಕಡೆ ಬರೋದು ಬೇಡ. ನೀರು ನಾನೇ ತರ್ತೀನಿ" ಎಂದೆ. ಅವಳು ನನ್ನನ್ನೇ ಒಂದು ಥರ ನೋಡಿ, "ಆಗ್ಲಿ" ಎಂದಳು. ಸಿಕ್ಕಿಬಿದ್ದವರು ನೋಡುವುದು ಹಾಗೆಯೇ ಎಂದುಕೊಂಡೆ.

ಅವಳು ಮಾಡಿದ ಪಾಪ ಯಾವುದು ಎಂದು ನಾನು ಕೇಳಲಿಲ್ಲ. ಕೇಳದಿದ್ದುದನ್ನು ನನ್ನ ದೊಡ್ಡತನ ಎಂದು ತಿಳಿದೆ. ಕೇಳದಿದ್ದರೂ ತಲೆ ಸುಮ್ಮನಿರುತ್ತದೆಯೇ? ಹೆಸರೇ ಮದಲೆಮ್ಮ, ಪಾಪ ಮಾಡಿ ಪಶ್ಚಾತ್ತಾಪಪಟ್ಟ ಬೈಬಲ್ಲಿನ ಸಂತಳ ಹೆಸರನ್ನು ಸುಮ್ಮನೆ ಇಟ್ಟಾರೆಯೇ ಎಂದು ಅದನ್ನೂ ಒಂದು ಸಾಕ್ಷಿಯಾಗಿ ತೆಗೆದುಕೊಂಡೆ. ಕೊನೆಗೆ ಒಬ್ಬ ಗಂಡಸನ್ನು ಕಲ್ಪಿಸಿಕೊಂಡೆ. ಅವನಿಗೆ ದಪ್ಪ ಮೀಸೆ, ಕಪ್ಪು ಕೋಟು. ಅವನು ಅವಳ ತವರೂರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಸೆಬಾಸ್ತಿ ಎಂದು ಹೆಸರನ್ನೂ ಇಟ್ಟೆ. ಮೂವತ್ತೊಂದು ವರ್ಷ ಪ್ರತಿದಿನ ಐದು ಸಲ, ನಲವತ್ತು ಮಾರು ಹಗ್ಗ ಎಳೆಯುತ್ತಾ, ನಾನು ಅವಳನ್ನು ಕ್ಷಮಿಸಿದೆ. ಸಾರಿಗೆ ಉಪ್ಪು ಕಡಿಮೆಯಾದಾಗ ಬೈಯದೆ, ಇದಕ್ಕಿಂತ ದೊಡ್ಡದನ್ನೇ ಕ್ಷಮಿಸಿದವನು ನಾನು ಎಂದುಕೊಂಡು ಉಣ್ಣುತ್ತಿದ್ದೆ. ಪ್ರತಿವರ್ಷ ಸತ್ತವರ ಹಬ್ಬದ ದಿನ ಮದಲೆಮ್ಮ ಸಮಾಧಿಗಳಿಗೆಲ್ಲ ಮೇಣದಬತ್ತಿ ಹಚ್ಚಿ, ಒಂದನ್ನು ಬೇರೆಯಾಗಿ, ಯಾರ ಸಮಾಧಿಯೂ ಇಲ್ಲದ ಗೋಡೆಯ ಬದಿಯಲ್ಲಿ ಹಚ್ಚುತ್ತಿದ್ದಳು. ಸೆಬಾಸ್ತಿ ಸತ್ತಿದ್ದಾನೆ ಎಂದು ನನಗೆ ತಿಳಿದದ್ದು ಹಾಗೆ. ಆ ದಿನ ಮನೆಗೆ ಬಂದು ಎರಡು ತುತ್ತು ಹೆಚ್ಚಿಗೆ ಉಂಡೆ.

ನಮ್ಮ ಒಬ್ಬಳೇ ಮಗಳು ಜಪಮಾಲೆಗೂ ತಾಯಿಯ ರಕ್ತ ಬಂದಿರಬಹುದೆಂದು ಹೆದರಿ ಅವಳನ್ನೂ ಬಾವಿಯ ಕಡೆ ಬಿಟ್ಟವನಲ್ಲ. ಅವಳಿಗೆ ಇಪ್ಪತ್ತನಾಲ್ಕು ತುಂಬಿತು. ಸ್ವಾಮಿಗಳ ಪೂಜಾವಸ್ತ್ರ ಹೊಲಿಯುವ ಟೈಲರ್ ಪಾಸ್ಕಲನಿಗೂ ಅವಳಿಗೂ ಎರಡು ವರ್ಷದಿಂದ ಕೀರ್ತನೆ ಪುಸ್ತಕದ ಮೇಲಿಂದ ನೋಟ ನಡೆದಿತ್ತು. ಹುಡುಗ ಚಿನ್ನದಂಥವನು. ಆದರೆ ಗಾಯನವೃಂದದಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ನಾನು ಕಾರಣ ಹೇಳದೆ ಆರು ತಿಂಗಳು ಬೇಡ ಎಂದೆ. ಜಪಮಾಲೆ ಅನ್ನ ಬಿಟ್ಟಳು. "ಆ ಹುಡ್ಗನ್ನ ಬಿಟ್ರೆ ನಾನು ಯಾರನ್ನೂ ಆಗಕ್ಕಿಲ್ಲ, ಕನ್ಯಾಸ್ತ್ರೀನೂ ಆಗಕ್ಕಿಲ್ಲ, ಇಲ್ಲೇ ನಿಮ್ಮ ತಲೆ ಮೇಲೆ ಕೂತಿರ್ತೀನಿ" ಎಂದಳು. ನಾನು ಒಪ್ಪಿದೆ. ಪಾಸ್ಕಲನ ತಾಯಿ ಕ್ಲಾರಮ್ಮ ಭಾನುವಾರ ಪೂಜೆ ಮುಗಿದ ಮೇಲೆ ಹೆಣ್ಣು ನೋಡಲು ಬರುತ್ತೇನೆಂದು ಹೇಳಿ ಕಳುಹಿಸಿದಳು.

ಕ್ಲಾರಮ್ಮನ ಅಂಗೈ ನನ್ನದಕ್ಕಿಂತಲೂ ಪ್ರಸಿದ್ಧ. ಅವಳ ದಡ್ಡಿನ ಮೇಲೆ ಬೆಂಕಿಕಡ್ಡಿ ಗೀರಿದರೆ ಹತ್ತಿಕೊಳ್ಳುತ್ತದೆ ಎನ್ನುತ್ತಿದ್ದರು. ಮೂರು ಹುಡುಗಿಯರನ್ನು ಅಂಗೈ ಒತ್ತಿ ನೋಡಿಯೇ ಬೇಡವೆಂದಿದ್ದಳು. ಅದೂ ಸಾಲದೆಂದು ನಮ್ಮಲ್ಲಿ ಇನ್ನೊಂದು ಶಾಸ್ತ್ರವಿದೆ: ಹೆಣ್ಣಿನ ಕಡೆಯವರು ಬಂದವರ ಕಣ್ಣೆದುರೇ ಒಂದು ಕೊಡ ನೀರು ಸೇದಿ ಕುಡಿಸಬೇಕು. ಅದನ್ನು ನಾನು ಮಾಡುತ್ತೇನೆ ಎಂದು ಧೈರ್ಯವಾಗಿದ್ದೆ. ಬುಧವಾರ ಬೆಳಿಗ್ಗೆ ಮೂರನೆಯ ಕೊಡ ಅರ್ಧಕ್ಕೆ ಬಂದಾಗ ನನ್ನ ಬಲಭುಜದಲ್ಲಿ ಏನೋ ಲಟಕ್ ಎಂದಿತು. ನಾಟಿ ವೈದ್ಯರು ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಕಟ್ಟಿ, "ಎರಡು ತಿಂಗಳು ಶಿಲುಬೆಗುರುತು ಹಾಕ್ಕೊಳ್ಳೋದೂ ಎಡಗೈಲೇ" ಎಂದರು.

"ನಾನು ಸೇದ್ತೀನಿ ಬುಡಿ" ಎಂದಳು ಮದಲೆಮ್ಮ.

"ಬೇಡ!" ನಾನು ಕೂಗಿದ ರಭಸಕ್ಕೆ ದಬ್ಬೆ ಅಲುಗಿ ಜೀವ ಹೋದಂತಾಯಿತು. ಅವಳು ಮತ್ತೆ ಅದೇ ಥರ ನೋಡಿ ಒಲೆಯ ಕಡೆ ಹೋದಳು. ನೀರನ್ನು ಪಕ್ಕದ ಮನೆಯವರಿಂದ ಕೇಳಿ ಪಡೆದೆವು.

ಉಳಿದದ್ದು ಮೂರು ದಿನ. ಅಷ್ಟರಲ್ಲಿ ಜಪಮಾಲೆಯ ಅಂಗೈ ತಯಾರಾಗಬೇಕು. ತೊಲೆಯ ಮೇಲಿಂದ ಹಗ್ಗ ಇಳಿಬಿಟ್ಟು, ಒಂದು ತುದಿಗೆ ರುಬ್ಬುಗುಂಡು ಕಟ್ಟಿ, ಇನ್ನೊಂದು ತುದಿಯನ್ನು ಮಗಳ ಕೈಗೆ ಕೊಟ್ಟೆ. ಅವಳು ಎಳೆದರೆ ಗುಂಡು ಏರುತ್ತಿತ್ತು, ಬಿಟ್ಟರೆ ಧೊಪ್ಪನೆ ಬೀಳುತ್ತಿತ್ತು. ಇಡೀ ದಿನ ಮನೆಯಲ್ಲಿ ಅದೇ ಸದ್ದು. ಗುರುವಾರ ಸಂಜೆಗೆ ನೆಲದಲ್ಲಿ ಗುಂಡಿ ಬಿತ್ತು.

"ಅಪ್ಪಾ, ನೀವು ಪ್ರತಿ ಭಾನುವಾರ ಸುಳ್ಳು ಹೇಳಬಾರದು ಅಂತ ಕಲಿಸ್ತೀರಲ್ಲ, ಇದೇನು?" ಎಂದಳು.

"ಇದು ಸುಳ್ಳಲ್ಲ. ಅಭ್ಯಾಸ."

"ಬೊಬ್ಬೆ ಎದ್ದಿದೆ."

"ಒಳ್ಳೇದು. ಒಡೀಬೇಡ, ಗಟ್ಟಿಯಾಗ್ಲಿ."

ಭಾನುವಾರ ಕ್ಲಾರಮ್ಮ ಬಂದಳು. ಜೊತೆಗೆ ಪಾಸ್ಕಲ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಕತ್ತು ತಿರುಗಿಸಲಾಗದೆ ನಿಂತಿದ್ದ. ಕೈ ನೋಡುವುದಕ್ಕೂ ಮೊದಲೇ ಕ್ಲಾರಮ್ಮ, "ಗಂಟ್ಲು ಒಣಗದೆ, ಮೊದ್ಲು ನೀರಿನ ಶಾಸ್ತ್ರ ಮುಗಿಸ್ಬುಡಾಣ" ಎಂದಳು. ನಾನು ಮದಲೆಮ್ಮನಿಗೆ, "ನೀನು ಉಪ್ಪಿಟ್ಟು ನೋಡ್ಕೋ" ಎಂದು ಕಣ್ಣಲ್ಲೇ ಕಟ್ಟಪ್ಪಣೆ ಮಾಡಿ, ಉಳಿದವರನ್ನು ಬಾವಿಗೆ ಕರೆದುಕೊಂಡು ಹೋದೆ. ಹತ್ತೂವರೆಯ ಬಿಸಿಲು. ಜಪಮಾಲೆ ಹಗ್ಗ ಇಳಿಸಿದಳು. ನೀರು ಏರಲಿಲ್ಲ. ನಾನು ಮನಸ್ಸಿನಲ್ಲೇ ದೇವಮಾತೆಗೆ ವಂದನೆ ಹೇಳಿದೆ.

ಕೊಡ ತುಂಬಿತು. ಹತ್ತು ಮಾರು ಚೆನ್ನಾಗಿಯೇ ಎಳೆದಳು. ಹದಿನೈದಕ್ಕೆ ಬೊಬ್ಬೆ ಒಡೆದಿರಬೇಕು, ಮುಖ ಕಿವುಚಿದಳು. ಇಪ್ಪತ್ತಕ್ಕೆ ಹಗ್ಗ ಜಾರತೊಡಗಿತು. ನನ್ನ ಕೈ ದಬ್ಬೆಯಲ್ಲಿ. ಪಾಸ್ಕಲ ಮುಂದೆ ಬರಲು ಹೋದರೆ ಅವನ ತಾಯಿ ಅಂಗಿ ಹಿಡಿದು ಎಳೆದಳು. ಗಂಡಿನ ಕಡೆಯವರು ಮುಟ್ಟುವಂತಿಲ್ಲ. ಅಷ್ಟರಲ್ಲಿ ಹಿಂದಿನಿಂದ, "ಅಯ್ಯೋ ಕಂದ, ತಡಿ ಬಂದೆ!" ಎನ್ನುತ್ತಾ ಮದಲೆಮ್ಮ ಸೀರೆ ಎತ್ತಿಕಟ್ಟಿ ಓಡಿಬಂದಳು. ಅವಳನ್ನು ತಡೆಯಲು ನಾನೂ ನುಗ್ಗಿದೆ. ಇಬ್ಬರ ಕೈಯೂ ಒಟ್ಟಿಗೆ ಕಟ್ಟೆಯ ಮೇಲೆ ಬಿತ್ತು.

ಗುಳುಗುಳು ಎಂದಿತು.

ಹಗ್ಗ ಸಡಿಲವಾಯಿತು. ಕೊಡ ನೀರಿನ ಮೇಲೆ ತೇಲುತ್ತಾ, ಯಾರೋ ಕೆಳಗಿನಿಂದ ಎತ್ತಿಕೊಟ್ಟಂತೆ ಬಂದು ಕಟ್ಟೆಗೆ ಡಿಕ್ಕಿ ಹೊಡೆಯಿತು. ನೀರು ಉಕ್ಕಿ ಎಲ್ಲರ ಪಾದ ತೋಯಿಸಿತು. ಕ್ಲಾರಮ್ಮ ಎರಡೂ ಕೈ ಎದೆಯ ಮೇಲಿಟ್ಟುಕೊಂಡು, "ಯಾರಿಗೆ?" ಎಂದಳು. "ಯಾರಿಗೆ ಏರ್ತು ಇದು?"

ಜಪಮಾಲೆ ಪಾಸ್ಕಲನನ್ನು ನೋಡುತ್ತಿದ್ದಳು. ಮದಲೆಮ್ಮ ತಲೆ ತಗ್ಗಿಸಿ ನಿಂತಿದ್ದಳು. ಅವಳ ಕೂದಲು ಅಷ್ಟೊಂದು ಬೆಳ್ಳಗಾಗಿರುವುದು ಆಗ ನನ್ನ ಕಣ್ಣಿಗೆ ಬಿತ್ತು. ಊರಿನವರೆಲ್ಲ ನಾಳೆಯಿಂದ ಇವಳನ್ನು ನೋಡಿ ಮುಖ ತಿರುಗಿಸುತ್ತಾರೆ ಎಂದುಕೊಂಡೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನಗೆ ಸೆಬಾಸ್ತಿ ನೆನಪಾಗಲಿಲ್ಲ.

"ನನಗೆ!" ಎಂದೆ.

"ನನಗೆ!" ಎಂದಳು ಮದಲೆಮ್ಮ, ಅದೇ ಕ್ಷಣಕ್ಕೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅವ್ರಿಗಲ್ಲ, ನನಗೆ" ಎಂದಳು ಅವಳು. "ಅವಳ ಮಾತು ಕೇಳಬೇಡಿ, ನನಗೇ" ಎಂದೆ ನಾನು. ಕ್ಲಾರಮ್ಮನಿಗೆ ತಲೆ ಕೆಟ್ಟಿತು. ಪಾಪವನ್ನು ಒಪ್ಪಿಕೊಳ್ಳುವವರೇ ಇಲ್ಲದ ಊರಲ್ಲಿ ಇಬ್ಬರು ಪೈಪೋಟಿಗೆ ನಿಂತರೆ ಏನು ಮಾಡುವುದು? ಅಷ್ಟರಲ್ಲಿ ಜಪಮಾಲೆ, "ನಾನೂ ಇಲ್ಲೇ ಇದ್ದೀನಲ್ಲ. ನನಗೇ ಯಾಕಾಗಿರಬಾರದು?" ಎಂದಳು. ಪಾಸ್ಕಲ ಕೆಮ್ಮಿ, "ನನಗೂ ಆಗಿರಬಹುದು" ಎಂದ. ಆಗ ಎಲ್ಲರ ಕಣ್ಣೂ ಕ್ಲಾರಮ್ಮನ ಕಡೆ ತಿರುಗಿತು. ಅವಳೂ ಕಟ್ಟೆಯಿಂದ ಗೇಣು ದೂರದಲ್ಲಿ ನಿಂತಿದ್ದಳು. ಹಾವು ಕಂಡಂತೆ ಹಿಂದಕ್ಕೆ ಹಾರಿದಳು. ನೀರು ಇಳಿಯಲಿಲ್ಲ. "ನೋಡಿದ್ರಾ, ನಂಗಲ್ಲ!" ಎಂದು ಅವಳು ಅಷ್ಟು ದೂರದಿಂದಲೇ ಪರೀಕ್ಷೆ ಶುರು ಮಾಡಿದಳು. ಅವಳ ಅಪ್ಪಣೆಯ ಪ್ರಕಾರ ಮೊದಲು ಪಾಸ್ಕಲ ಹತ್ತು ಹೆಜ್ಜೆ ಹಿಂದೆ ಸರಿದ. ನೀರು ಇಳಿಯಲಿಲ್ಲ. ಜಪಮಾಲೆ ಸರಿದಳು. ಇಳಿಯಲಿಲ್ಲ. ನಾನು ಸರ್ರನೆ ಸರಿದೆ, ಇಳಿಯಲಿಲ್ಲ. ಮದಲೆಮ್ಮನೂ ಸರಿದಳು. ಐದು ಜನ ಸುತ್ತ ದೂರದಲ್ಲಿ ನಿಂತು ಕತ್ತು ಚಾಚಿ ನೋಡಿದೆವು. ಬಾವಿ ತುಂಬಿಕೊಂಡು ಬಿಸಿಲಲ್ಲಿ ಹೊಳೆಯುತ್ತಾ ನಿಂತಿತ್ತು. ಒಂದು ಕಾಗೆ ಬಂದು, ಕಟ್ಟೆಯ ಮೇಲೆ ಕೂತು, ನಾಲ್ಕು ಗುಟುಕು ಕುಡಿದು ಹಾರಿಹೋಯಿತು.

"ಕಾಗೆಗೇನೋ?" ಎಂದ ಪಾಸ್ಕಲ.

"ಮುಚ್ಚೋ ಬಾಯಿ" ಎಂದಳು ಅವನ ತಾಯಿ.

ಬಿಸಿಲು ಏರುತ್ತಿತ್ತು. ಕ್ಲಾರಮ್ಮ ತುಟಿ ನೆಕ್ಕಿಕೊಂಡಳು. ಅತ್ತ ನೋಡಿದಳು, ಇತ್ತ ನೋಡಿದಳು, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕಟ್ಟೆಯ ಹತ್ತಿರ ಬಂದು, ಎರಡೂ ಕೈ ನೀರಿಗೆ ಇಳಿಸಿ ಬೊಗಸೆ ತುಂಬ ಕುಡಿದಳು. ಇನ್ನೊಂದು ಬೊಗಸೆ ಕುಡಿದಳು. ಮೂರನೆಯದನ್ನು ಮುಖಕ್ಕೆ ಎರಚಿಕೊಂಡಳು. "ಇಷ್ಟೊಂದು ತಣ್ಣಗಿರ್ತದಾ ಇದು" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಜಪಮಾಲೆಯನ್ನು ಹತ್ತಿರ ಕರೆದು, ಅವಳ ಅಂಗೈ ಬಿಡಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಕ್ಲಾರಮ್ಮ ಒಡೆದ ಬೊಬ್ಬೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸವರಿದಳು.

"ಮೂರು ದಿನದ್ದು" ಎಂದಳು ಕೊನೆಗೆ. "ತಪ್ಪು ಮಾಡಿದ್ದೀರಿ. ಮೊದ್ಲು ಹುಣಸೆರಸ ಹಚ್ಚಬೇಕು, ಆಮೇಲೆ ಸಣ್ಣ ಮರಳು, ಕೊನೇಗೆ ಹಗ್ಗ. ಬರೀ ಹಗ್ಗ ಹಿಡಿದ್ರೆ ಹಿಂಗೇ ಕಿತ್ಕೊಂಡು ಬರ್ತದೆ." ನಾವೆಲ್ಲ ಅವಳನ್ನೇ ನೋಡುತ್ತಿದ್ದೆವು. ಕ್ಲಾರಮ್ಮ ಕೆಂಪಾದಳು. "ಏನ್ ಹಂಗ್ ನೋಡ್ತೀರಿ? ನಂಗೆ ಹನ್ನೆರಡನೇ ವಯಸ್ಸಿಂದ ಏರ್ತಿತ್ತು, ವಾರಕ್ಕೆ ಎರಡು ಸಲ. ನಮ್ಮವ್ವ ಕದ ಹಾಕಿ ಉಜ್ಜೋಳು. ಯಾಕೆ ಏರ್ತಿತ್ತೋ ಇವತ್ತಿಗೂ ಗೊತ್ತಿಲ್ಲ. ಅಂಥಾದ್ದು ಏನೂ ಮಾಡಿರ್ಲಿಲ್ಲ ಕಣವ್ವ ನಾನು." ಮೂಗೊರೆಸಿಕೊಂಡು, "ಬಾ ಮಗಾ, ಮನೇಗೆ ಹೋಗಿ ಕೈಗೆ ಬೆಣ್ಣೆ ಹಚ್ತೀನಿ" ಎಂದು ಜಪಮಾಲೆಯ ಹೆಗಲ ಮೇಲೆ ಕೈಹಾಕಿ ನಡೆದಳು. ಪಾಸ್ಕಲ ಹಿಂದೆ ಹಿಂದೆ ಹೋದ. ಮದುವೆ ನಿಂತೀತೆಂಬ ನನ್ನ ಹೆದರಿಕೆ ಅಲ್ಲಿಗೆ ಮುಗಿಯಿತು.

ಕಾಫಿಗೆ ನೀರು ಬೇಕಿತ್ತು. ಮದಲೆಮ್ಮ ಮತ್ತು ನಾನು ಬಾವಿಯ ಹತ್ತಿರ ಉಳಿದೆವು. ಅವಳು ಕೊಡವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೀನ್ಯಾಕೆ ನನಗೆ ಅಂದೆ?" ಎಂದೆ.

"ನೀವ್ಯಾಕೆ ಅಂದ್ರಿ?"

"ನಿನ್ನ ಮಾನ ಉಳಿಸೋಕೆ."

"ನಾನೂ ನಿಮ್ದು ಉಳಿಸೋಕೇ ಅಂದೆ."

"ನನ್ನ ಮಾನಕ್ಕೆ ಏನಾಗಿತ್ತೇ?"

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮೂವತ್ತೊಂದು ವರ್ಷ ಬಾಯಿ ಬಿಟ್ಟಿಲ್ಲ, ಈಗ್ಲೂ ಬಿಡಕ್ಕಿಲ್ಲ. ನೀವು ಏನ್ ಮಾಡಿದ್ರೋ ಅದು ನಿಮ್ಗೂ ದೇವರಿಗೂ ಇರ್ಲಿ. ಮದುವೆ ಮಾರನೆ ದಿನ ನಿಮ್ಗೆ ನೀರು ಏರಿದ್ದನ್ನ ನಮ್ಮವ್ವನಿಗೂ ಹೇಳಿಲ್ಲ ನಾನು."

"ಅದು ನಿನಗೆ ಏರಿದ್ದು!"

"ನಂಗೆಲ್ಲಿ ಏರ್ತು? ಜಪಮಾಲೆ ತೊಟ್ಟಿಲಲ್ಲಿದ್ದಾಗ ನೀವು ಧ್ಯಾನಕೂಟಕ್ಕೆ ಅಂತ ಮೂರು ದಿನ ಹೋಗಿದ್ರಲ್ಲ, ಆಗ ನಾನೇ ಸೇದ್ದೆ. ನಲವತ್ತು ಮಾರೂ ಸೇದ್ದೆ, ಒಂದು ಹನೀನೂ ಏರ್ಲಿಲ್ಲ. ಆಗ ಖಾತ್ರಿ ಆಯ್ತು ಅದು ನಿಮ್ದೇ ಅಂತ. ದಿನಾ ಐದು ಕೊಡ ನೀವೇ ಸೇದೋದು ನೋಡಿ, ಪಾಪ, ಪ್ರಾಯಶ್ಚಿತ್ತ ಮಾಡ್ಕೊತಾವ್ರೆ, ಅಡ್ಡ ಬರಬಾರದು ಅಂತ ಸುಮ್ನಿದ್ದೆ."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. "ನಾನು ಏನು ಮಾಡಿದ್ದೀನಿ ಅಂದ್ಕೊಂಡಿದ್ದೆ?"

"ಕೊಲೆ" ಎಂದಳು, ಮನೆಯಲ್ಲಿ ಸಾಸಿವೆ ಮುಗಿದಿದೆ ಎನ್ನುವ ದನಿಯಲ್ಲಿ.

"ಯಾರನ್ನ?"

"ನಂಗೇನು ಗೊತ್ತು? ಕೇಳಕ್ಕೆ ಹೋಗ್ಲಿಲ್ಲ. ಯಾರೋ ಪರಸ್ಥಳದೋನು ಅಂದ್ಕೊಂಡೆ, ಇಲ್ದಿದ್ರೆ ಗೋರಿ ಇರ್ಬೇಕಿತ್ತಲ್ಲ. ಅವನಿಗೆ ಅಂತ ಹಬ್ಬಕ್ಕೊಂದು ಮೇಣದಬತ್ತಿ ಹಚ್ತಿದ್ದೆ."

ಅದನ್ನು ಕೇಳಿ ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. "ಕೊಲೆಗಾರನ ಜೊತೆ ಇಷ್ಟು ವರ್ಷ ಹೆಂಗೆ ಸಂಸಾರ ಮಾಡಿದೆಯೇ?"

"ಮೊದಲನೇ ದಿನ ಭಯ ಆಯ್ತು. ನೀವು ಕೊಡ ಇಳಿಸಿ ಗಂಟೆ ಹೊಡೆಯಕ್ಕೆ ಹೋದ್ರಿ. ನಾನು ಒಲೆ ಮುಂದೆ ಕೂತ್ಕೊಂಡು ಯೋಚ್ನೆ ಮಾಡ್ದೆ. ಅಷ್ಟು ಆಳದಿಂದ ನೀರು ತಾನಾಗೇ ಎದ್ದು ಬಂದು ಈ ಮನುಷ್ಯನ ಕಾಲು ತೊಳೆದದೆ. ದೇವರೇ ಬುಟ್ಬುಟ್ಟವ್ನೆ ಅಂದ್ಮೇಲೆ ಹಿಡ್ಕೊಂಡು ಕೂರಕ್ಕೆ ನಾನ್ಯಾರು ಅನ್ನಿಸ್ತು. ಅಷ್ಟೇ. ಎದ್ದು ಅನ್ನಕ್ಕೆ ಇಟ್ಟೆ."

ನಾನು ಇದೇ ಊರಿನ ಉಪದೇಶಿ. ಬೆತ್ತ ಹಿಡಿದು ಇದನ್ನೇ ಕಲಿಸುತ್ತಾ ತಲೆ ನರೆತವನು. ಅದೇ ಬಾವಿ, ಅದೇ ನೀರು, ಅದೇ ಗಳಿಗೆ. ನಾನು ಅದರಲ್ಲಿ ಪಾಪ ಕಂಡೆ, ಅವಳು ಬಿಡುಗಡೆ ಕಂಡಳು. ಅವಳು ಒಲೆಯ ಮುಂದೆ ಮುಗಿಸಿದ್ದನ್ನು ನಾನು ಮೂವತ್ತೊಂದು ವರ್ಷ ಹಗ್ಗ ಕಟ್ಟಿ ಎಳೆಯುತ್ತಿದ್ದೆ.

"ನಾನು ಯಾರನ್ನೂ ಕೊಂದಿಲ್ಲ ಕಣೇ. ಒಂದು ಕೋಳೀನೂ ಕೊಂದವನಲ್ಲ."

"ನಿಜವಾಗ್ಲೂ?" ಅವಳ ಮುಖ ಅರಳಿತು. ಮರುಕ್ಷಣ, "ಅಯ್ಯೋ, ಅಷ್ಟೊಂದು ಮೇಣದಬತ್ತಿ ದಂಡ ಆಯ್ತಲ್ರೀ!" ಎಂದಳು. ನಗುತ್ತಾ ಕೊಡದ ಕತ್ತು ಒರೆಸಿ, "ಅದ್ಸರಿ, ನೀವು ನನ್ನ ಬಗ್ಗೆ ಏನಂದ್ಕೊಂಡಿದ್ರಿ?" ಎಂದು ಕೇಳಿದಳು.

ಕೋಳಿ ಕದ್ದಿರಬಹುದು ಅಂದುಕೊಂಡಿದ್ದೆ ಎಂದು ಹೇಳೋಣವೆನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಲಾಗಲಿಲ್ಲ. ಮೀಸೆ, ಕಪ್ಪು ಕೋಟು, ಕ್ಲಾರಿನೆಟ್ ಎಲ್ಲವನ್ನೂ ಹೇಳಿದೆ. ಹೆಸರನ್ನೂ ಹೇಳಿದೆ. ಅವನು ಸತ್ತನೆಂದು ಎರಡು ತುತ್ತು ಹೆಚ್ಚಿಗೆ ಉಂಡದ್ದನ್ನೂ ಹೇಳಿದೆ.

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕೈಯಲ್ಲಿದ್ದ ಕೊಡವನ್ನು ಕಟ್ಟೆಯ ಮೇಲಿಟ್ಟಳು.

"ಇಷ್ಟು ವರ್ಷ ನಾನು ಬಡಿಸೋವಾಗೆಲ್ಲ ನಿಮ್ಗೆ ಅದೇ ಕಾಣ್ತಿತ್ತಾ?"

"ತಪ್ಪಾಯ್ತು" ಎಂದೆ. ಕಣ್ಣಲ್ಲಿ ನೀರು ತುಂಬಿತು. ಬಲಗೈ ದಬ್ಬೆಯಲ್ಲಿತ್ತು, ಎಡಗೈಯಿಂದ ಒರೆಸಿಕೊಂಡೆ. ಅವಳು ಬಾವಿಯ ನೀರನ್ನೇ ನೋಡುತ್ತಾ ನಿಂತಳು. ಕೊಲೆಗಾರನಾಗಿದ್ದರೆ ನಾನು ಅವಳ ಕಣ್ಣಿಗೆ ಇಷ್ಟು ಸಣ್ಣವನಾಗುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಮನೆಯ ಕಡೆಯಿಂದ ಕ್ಲಾರಮ್ಮನ ದನಿ ಕೇಳಿಸಿತು, ಸಕ್ಕರೆ ಎಲ್ಲಿಟ್ಟಿದ್ದೀರಿ ಎಂದು ಕೂಗುತ್ತಿದ್ದಳು.

ಮದಲೆಮ್ಮ ಕೊಡವನ್ನು ನೀರಿಗೆ ಬಗ್ಗಿಸಿ, ತುಂಬಿಸಿ, ಸೊಂಟಕ್ಕೇರಿಸಿಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ಹಿಂದಿರುಗಿ ನೋಡಲಿಲ್ಲ.

"ಕೊಲೆಗೆ ಅಂತ ಕ್ಷಮಿಸಿದ್ದು ಹಂಗೇ ಮಿಕ್ಕದೆಯಲ್ಲ" ಎಂದಳು. "ಇದೂ ಅದ್ರಲ್ಲೇ ಸೇರ್ಕೊಳ್ಳಲಿ. ಬನ್ನಿ, ಬೀಗರು ಕಾಯ್ತಾವ್ರೆ."

ನಾನು ಅವಳ ಹಿಂದೆ ಮನೆಗೆ ಹೋದೆ, ಬರಿಗೈಯಲ್ಲಿ.